ಗಡಿಗೆಯ ತಳದ ಒಂದು ಚಮಚ

ಯಮಕನಮರಡಿಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ತಿರುಗುವಲ್ಲಿ ಪರಪ್ಪನ ಮಿರ್ಚಿ ಬಜಿ ಅಂಗಡಿ. ಸಂಜೆ ಒಲೆ ಹೊತ್ತಿತೆಂದರೆ ಹುಕ್ಕೇರಿ ಬಸ್ಸಿಗೆ ಕಾಯುವವರೂ ಕಣಗಲಾ ಕಡೆಗೆ ಹೊರಟ ಲಾರಿಯವರೂ ಅದರ ಸುತ್ತ ನೆರೆಯುತ್ತಾರೆ. ಆ ಅಂಗಡಿಗೆ ಪರಪ್ಪನ ಅಪ್ಪ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು. ಬಾಣಲೆಯಿಂದ ಒಂದು ಘಾಣ, ಅಂದರೆ ಒಂದು ಸಲಕ್ಕೆ ಕರಿದಷ್ಟು, ಬಜಿ ಎತ್ತಿದ ಕೂಡಲೇ ಅದರಲ್ಲಿ ಮೊದಲನೆಯದನ್ನು ಕರಿದವನೇ ತಿಂದು ನೋಡಬೇಕು. ತಾನು ತಿನ್ನದ್ದನ್ನು ಗಿರಾಕಿಯ ಕೈಗೆ ಕೊಡಕೂಡದು.

ಅಪ್ಪನಿಗೆ ಇದು ನಡೆಯಿತು. ಆಗ ಕರಿಯುತ್ತಿದ್ದದ್ದೇ ನಾಲ್ಕಾರು ಘಾಣ, ಉಳಿದ ಹೊತ್ತೆಲ್ಲ ಹೊಲದಲ್ಲಿ ಬೆವರು. ಮಗನ ಕಾಲಕ್ಕೆ ರಸ್ತೆ ಅಗಲವಾಯಿತು, ಗಿರಾಕಿ ಹೆಚ್ಚಿದರು, ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟದ್ದಾಯಿತು. ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಐವತ್ತು ದಾಟುವಷ್ಟರಲ್ಲಿ ದೂರದಿಂದ ಬರುವವರಿಗೆ ಅಂಗಡಿಗಿಂತ ಮೊದಲು ಪರಪ್ಪನ ಹೊಟ್ಟೆಯೇ ಕಾಣತೊಡಗಿತು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಪುಣ್ಯಾತ್ಮನಿಗೆ ಊಟವೇನೋ ಚೆನ್ನಾಗಿ ಗೊತ್ತಿತ್ತು, ನಿಲ್ಲಿಸುವುದೊಂದು ಗೊತ್ತಿರಲಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗಲೂ ಏದುಸಿರು ಬರತೊಡಗಿದಾಗ ಹೆಂಡತಿ ದಾಕ್ಷಾಯಿಣಿ ಅವನನ್ನು ಹುಕ್ಕೇರಿಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎದೆಯ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಮಾಡಿಸಿ, ಅವನನ್ನು ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ತೂಕ ಏರಿ ಹೃದಯಕ್ಕ ಭಾರ ಆಗೇತ್ರಿ. ಗುಳಿಗಿ ತಪ್ಪಸಬ್ಯಾಡ್ರಿ. ನಮ್ಮ ಕರುಳಿನಾಗ ಒಳ್ಳೆ ಸೂಕ್ಷ್ಮಜೀವಿಗಳು ಇರ್ತಾವ. ಬರೇ ಎಣ್ಣಿ ಪದಾರ್ಥ ತಿಂದ್ರ ಅವು ಸೊರಗತಾವ. ಮನಿ ಮಸರು, ಮಜ್ಜಿಗಿ ಅವಕ್ಕ ಛಲೋ. ಪ್ರೊಬಯಾಟಿಕ್ ಅಂತಾರಲ್ಲ, ಅದ. ಅದರಿಂದ ಹೃದಯಕ್ಕೂ ಅನುಕೂಲ ಆಗಬಹುದು ಅಂತ ಸಂಶೋಧನಾ ನಡದಾವ. ಆದ್ರ ಮಸರ ಔಷಧ ಅಲ್ಲ. ಮೊದಲು ಬಜಿ ಬಿಡ್ರಿ, ದಿನಾ ಅಡ್ಡಾಡ್ರಿ."

ಇಷ್ಟು ಮಾತಿನಲ್ಲಿ ಪರಪ್ಪನ ಕಿವಿಗೆ ಬಿದ್ದದ್ದು ಮಸರು ಒಂದೇ. ಮರುದಿನದಿಂದ ಅಂಗಡಿಯಲ್ಲಿ ಪಾಕೀಟು ಮೊಸರು ಇಟ್ಟುಕೊಂಡ. ಘಾಣದ ಮೊದಲ ಬಜಿಯನ್ನು ಅದರಲ್ಲಿ ಅದ್ದಿ ತಿಂದ. ರುಚಿ ಇನ್ನೂ ಹೆಚ್ಚಿತು. ಮೊದಲು ಒಂದಕ್ಕೆ ನಿಲ್ಲುತ್ತಿದ್ದವನು ಎರಡು ತಿನ್ನತೊಡಗಿದ.

ಮುಂದಿನ ಸಲ ತೂಕ ನೋಡಿ ಡಾಕ್ಟರಮ್ಮ ಕೇಳಿದರು, "ಬಜಿ ಬಿಟ್ಟೀರೇನ್ರಿ?"

"ಅದನ್ನ ಹೆಂಗ ಬಿಡಾಕ ಬರ್ತೈತ್ರಿ ಮೇಡಮ್ಮರ, ನಮ್ಮಪ್ಪನ ಮಾತು. ಆದ್ರ ನೀವು ಹೇಳಿದಂಗ ಮಸರ ಹಚ್ಚೇ ತಿನ್ನಾಕತ್ತೇನ್ರಿ."

ಡಾಕ್ಟರಮ್ಮ ಹಣೆಗೆ ಕೈ ಹಚ್ಚಿ ಕೂತರು. ದಾಕ್ಷಾಯಿಣಿಗೆ ನಗುವೂ ಬಂತು, ಅಳುವೂ ಬಂತು.

ಅದಾದ ಕೆಲವೇ ದಿನಕ್ಕೆ ಎಣ್ಣೆ ಡಬ್ಬಿ ಎತ್ತಲು ಹೋದ ಪರಪ್ಪ ಹಾಗೇ ಬೆಂಚಿನ ಮೇಲೆ ಕುಸಿದು ಕೂತ. ಮೈಯೆಲ್ಲ ಬೆವರು. ಬಾಣಲೆಯಲ್ಲಿ ಬಜಿ ಕರಿಕಲಾದವು, ಎತ್ತಬೇಕೆಂದು ಅವನಿಗೆ ತೋಚಲೂ ಇಲ್ಲ. ಗಿರಾಕಿಯೊಬ್ಬರ ಗಾಡಿಯಲ್ಲಿ ದವಾಖಾನೆಗೆ ಒಯ್ದರು. ಈ ಸಲ ಪಾರಾದಿರಿ, ಇನ್ನೊಂದು ಸಲಕ್ಕೆ ನಾನು ಮಾತು ಕೊಡಲಾರೆ ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೆ ದಾಕ್ಷಾಯಿಣಿ ಅವನ ಎದುರು ಕೂತಳು. "ಮಾವನವರ ಮಾತು ದೊಡ್ಡದ ಖರೆ. ಆದ್ರ ನನಗ ನೀವ ಬೇಕ್ರಿ. ಬಜಿ ರುಚಿ ಕೆಟ್ರ ಕೆಡ್ಲಿ."

ಪರಪ್ಪ ತಲೆ ತಗ್ಗಿಸಿದ. ಮದುವೆಯಾದಾಗಿನಿಂದ ಅವಳು ತನಗಾಗಿ ಏನನ್ನೂ ಬೇಡಿದವಳಲ್ಲ. ಆದರೂ ಮರುದಿನ ಅವಳಿಟ್ಟ ಅಂಬಲಿ ಮಜ್ಜಿಗೆಯನ್ನು ಎರಡು ಗುಟುಕು ಕುಡಿದು ಸರಿಸಿಬಿಟ್ಟ.

"ಸಪ್ಪಗೈತಿ. ಅವ್ವನ ಮಜ್ಜಿಗಿ ಹಿಂಗ ಇರಲಿಲ್ಲ ಬಿಡು."

ಇರಲಿಲ್ಲ, ನಿಜ. ಅವ್ವ ಶಿವಗಂಗವ್ವ ಬೆಳಗಿನ ಜಾವ ಕಡಗೋಲು ಹಿಡಿದರೆ ಆ ಸದ್ದಿಗೇ ಮನೆ ಎಚ್ಚರಾಗುತ್ತಿತ್ತು. ಪರಪ್ಪನೂ ಅಕ್ಕ ಉದ್ದವ್ವನೂ ಅಂಗೈ ಚಾಚಿ ಕೂರುತ್ತಿದ್ದರು, ಬೆಣ್ಣೆಗಾಗಿ. ಆರಿದ ಜೋಳದ ಅಂಬಲಿಗೆ ಹುಳಿ ಮಜ್ಜಿಗೆ ಬೆರೆಸಿ, ಬಳ್ಳೊಳ್ಳಿ ಜಜ್ಜಿ ಹಾಕಿ ಅವ್ವ ಹೊಲಕ್ಕೆ ತರುತ್ತಿದ್ದಳು. ಬೇವಿನ ನೆರಳಲ್ಲಿ ಅಪ್ಪ ಅದನ್ನು ಕುಡಿದು, ಮೀಸೆ ಒರೆಸಿಕೊಂಡು, ಮತ್ತೆ ಕುಂಟೆ ಹಿಡಿಯುತ್ತಿದ್ದ. ಓಣಿಯವರೆಲ್ಲ ಹೆಪ್ಪಿಗೆ ಬಟ್ಟಲು ಹಿಡಿದು ಬರುವುದು ಅವ್ವನ ಬಳಿಗೇ. ಯಾರಿಗೂ ಇಲ್ಲವೆಂದವಳಲ್ಲ, ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ.

ಆ ಹೆಪ್ಪು ಅವಳ ಜೊತೆಗೇ ಹೋಯಿತು. ಅವ್ವ ತೀರಿಕೊಂಡ ದಿನ ಮನೆಯಲ್ಲಿ ಹಾಲಿನ ನೆನಪು ಯಾರಿಗಿರುತ್ತದೆ? ಗಡಿಗೆ ಹಾಗೇ ಉಳಿದು ಬೂಸು ಹಿಡಿಯಿತು. ಆಮೇಲೆ ಪಾಕೀಟು ಬಂತು, ಸಲೀಸಾಯಿತು.

ಮೊಸರಿಗೇನು, ಯಾರ ಮನೆಯ ಹೆಪ್ಪಾದರೂ ಆದೀತು. ಆದರೆ ನಾಲಗೆಗೆ ಆಗಬೇಕಲ್ಲ. ದಾಕ್ಷಾಯಿಣಿ ಯೋಚಿಸಿ ಯೋಚಿಸಿ ಕೊನೆಗೆ ಮೂಡಲಗಿಗೆ, ಉದ್ದವ್ವನಿಗೆ ಫೋನ್ ಹಚ್ಚಿದಳು. ಮದುವೆಯಾಗಿ ಹೊರಟ ಮಗಳ ಬುತ್ತಿಯಲ್ಲಿ ಅವ್ವ ಹೆಪ್ಪಿನ ಗಿಂಡಿಯನ್ನೂ ಇಟ್ಟಿದ್ದಳೆಂದು ಹಿಂದೆಂದೋ ಕೇಳಿದ್ದು ಅವಳಿಗೆ ನೆನಪಾಗಿತ್ತು.

ಎರಡನೆಯ ದಿನ ಉದ್ದವ್ವ ಗೋಕಾಕಿನಲ್ಲಿ ಬಸ್ಸು ಬದಲಿಸಿಕೊಂಡು ಬಂದಿಳಿದಳು. ದಾರಿಯುದ್ದಕ್ಕೂ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ.

"ಅವ್ವನ ಹೆಪ್ಪ ಐತಿ ತಮ್ಮಾ. ಒಂದ ದಿನಾನೂ ಆರಾಕ ಬಿಟ್ಟಿಲ್ಲ. ಮನ್ಯಾಗ ಹಾಲ ಇರದಾಗ ಬಾಜೂ ಮನ್ಯಾಗ ಹಾಕಿಸಿ ಉಳಸೇನಿ."

ಅಟ್ಟದ ಮೇಲಿದ್ದ ಅವ್ವನ ಗಡಿಗೆಯನ್ನು ಇಳಿಸಿ, ತೊಳೆದು, ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿದರು. ಬೆಳಿಗ್ಗೆ ಅಂಬಲಿಗೆ ಆ ಮಜ್ಜಿಗೆ ಬಿತ್ತು. ಪರಪ್ಪ ಒಂದು ಗುಟುಕು ಕುಡಿದವನು ಬಟ್ಟಲನ್ನು ಕೆಳಗಿಟ್ಟುಬಿಟ್ಟ. ಅದೇ ಹುಳಿ. ಎದುರಿಗೆ ಅಕ್ಕ ಕೂತಿದ್ದಳು, ಅವಳ ಕಣ್ಣೂ ತುಂಬಿತ್ತು. ಐವತ್ತು ದಾಟಿದ ಗಂಡಸು ಮಗುವಿನ ಹಾಗೆ ಅತ್ತುಬಿಟ್ಟ.

ಆವತ್ತಿನಿಂದ ಅಂಗಡಿಯ ಕಟ್ಟಳೆ ಒಂಚೂರು ತಿರುಗಿದೆ. ಘಾಣದ ಮೊದಲ ಬಜಿ ಈಗ ನಿಂತ ಗಿರಾಕಿಯ ಪಾಲು. "ಮೊದಲ ರುಚಿ ನೋಡಿ ಹೇಳ್ರಿ, ಆಮ್ಯಾಲೆ ಉಳಿದವ್ರಿಗೆ ಕೊಡ್ತೇನಿ" ಎನ್ನುತ್ತಾನೆ. ಪುಕ್ಕಟೆ ಬಜಿಗೆ ತಪ್ಪು ಹೇಳುವವರು ಯಾರೂ ಇಲ್ಲ ಎಂಬುದು ಬೇರೆ ಮಾತು. ಬೆಳಿಗ್ಗೆ ಹೊಲದ ತನಕ ನಡೆದು ಬರುತ್ತಾನೆ. ತೂಕ ಇಳಿಯುತ್ತಿದೆ, ನಿಧಾನಕ್ಕೆ. ಅದು ಗುಳಿಗೆಯ ಗುಣವೋ, ನಡಿಗೆಯದೋ, ಅವ್ವನ ಹೆಪ್ಪಿನದೋ, ಡಾಕ್ಟರಮ್ಮನೂ ವಿಂಗಡಿಸಿ ಹೇಳಲಿಲ್ಲ.

ಮೊನ್ನೆ ಊಟಕ್ಕೆ ಕೂತವನು ಹಳೆಯ ಚಟದಲ್ಲಿ ಮೊಸರನ್ನು ಮತ್ತೆ ಮತ್ತೆ ಬಡಿಸಿಕೊಂಡ. ಕೊನೆಗೆ ಗಡಿಗೆಯನ್ನೇ ಓರೆ ಮಾಡಿ ಬಳಿಯಲು ಚಮಚ ಇಳಿಸಿದ. ತಳದಲ್ಲಿ ಒಂದು ಚಮಚದಷ್ಟೇ ಉಳಿದಿತ್ತು. ಅವನ ಕೈ ನಿಂತಿತು. ತಟ್ಟೆಯಲ್ಲಾಗಲಿ ಪಾತ್ರೆಯಲ್ಲಾಗಲಿ ಎಂದೂ ಏನನ್ನೂ ಉಳಿಸಿದವನಲ್ಲ. ದಾಕ್ಷಾಯಿಣಿ ನೋಡುತ್ತಲೇ ಇದ್ದಳು.

ಪರಪ್ಪ ಗಡಿಗೆಯನ್ನು ನೆಟ್ಟಗೆ ಮಾಡಿ ಅವಳ ಕಡೆ ಸರಿಸಿದ.

"ಇದು ನಾಳಿಗೆ ಇರ್ಲಿ."

ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಲು ಕಾಯಿಸಲು ಎದ್ದಳು.