ಇಯಾನೆತಾ ಹಾಕಿದ ಬಾಗಿಲು

ಇಯಾನೆತಾಳ ಮನೆಗೆ ಗೋಡೆಯಿಲ್ಲ. ಸವಾಯಿ ದ್ವೀಪದ ಆ ಊರಿನ ಹಳೆಯ ಮನೆಗಳೆಲ್ಲ ಹಾಗೆಯೇ: ಕಂಬ, ಚಾವಣಿ, ಮಳೆ ಬಂದರೆ ಇಳಿಬಿಡಲು ಗರಿಯ ತಟ್ಟಿ. ದಾರಿಹೋಕರನ್ನು ಕರೆದು ಟಾರೋ ಗೆಡ್ಡೆ ಬಡಿಸದವಳನ್ನು ಊರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಂಥ ಮನೆಯವಳು ಅರವತ್ತೆರಡನೆಯ ವಯಸ್ಸಿನಲ್ಲಿ ಬಾಗಿಲು ಹಾಕಲು ಕಲಿತಳು.

ಕಲಿಸಿದ್ದು ಮರಳುಗಳ್ಳರು. ಭಾನುವಾರ ಊರಿಗೆ ಊರೇ ಚರ್ಚಿನಲ್ಲಿ ಹಾಡುವ ಹೊತ್ತು ನೋಡಿ ಗುತ್ತಿಗೆದಾರನ ಲಾರಿಗಳು ದಂಡೆಗೆ ಇಳಿಯುತ್ತಿದ್ದವು. ಮರಳು ಬಾಚಿ ಬಾಚಿ ದಂಡೆ ಸವೆದು, ಅಲೆ ಈಗ ಅವಳ ಅವ್ವನ ಗೋರಿಯ ಕಟ್ಟೆಗೇ ಬಡಿಯುತ್ತಿತ್ತು. ಹೆಂಗಸರ ಸಮಿತಿ ಚಾಪೆ ಹೆಣೆದು ಮಾರಿ ಒಂದು ಕ್ಯಾಮೆರಾ, ಅದರ ಚಿತ್ರ ಕೂಡಿಡುವ ಪೆಟ್ಟಿಗೆ ತಂದು ಅವಳ ಮನೆಯಲ್ಲಿಟ್ಟಿತು. ಲಾರಿಗಳ ವಿಡಿಯೋ ಹಿಡಿದು ಹೋದರೆ, ರಾಜಧಾನಿ ಅಪಿಯಾದಲ್ಲಿ ಮರಳಿನ ದೂರು ವಿಚಾರಿಸುವ ಅಧಿಕಾರಿ ಒಪ್ಪಲಿಲ್ಲ.

"ನೀವು ಕೈಯಲ್ಲಿ ತಂದ ವಿಡಿಯೋನ ಅವರ ವಕೀಲರು ತಿದ್ದಿದ್ದು ಅಂತಾರೆ. ವಿಚಾರಣೆ ದಿನ ನಾನು ಇಲ್ಲಿ ಕೂತೇ ನಿಮ್ಮ ಪೆಟ್ಟಿಗೆ ತೆಗೆದು ನೋಡ್ಬೇಕು. ಆಗತ್ತಾ?"

"ಆಗತ್ತೆ" ಅಂದಳು ಇಯಾನೆತಾ. ಹೇಗೆಂದು ಅವಳಿಗೇ ಗೊತ್ತಿರಲಿಲ್ಲ.

ಇಂಟರ್ನೆಟ್ ಕಂಪನಿಯೊಡನೆ ಮೂರು ದಿನ ಜಗಳವಾಡಿ ಹೊರಗಿನವರು ಹುಡುಕಿ ಬರುವಂತೆ ಮನೆಗೊಂದು ಖಾಯಂ ಇಂಟರ್ನೆಟ್ ವಿಳಾಸ ಕಿತ್ತುಕೊಂಡಳು. ಮನೆಗೆ ಇಂಟರ್ನೆಟ್ ಹಂಚುವ ರೌಟರಿನ ಪುಟದಲ್ಲಿ ಒಂದು ಆಯ್ಕೆ ಕಂಡಿತು: ಹೊರಗಿನಿಂದ ಬಂದದ್ದೆಲ್ಲ ಈ ಪೆಟ್ಟಿಗೆಗೆ ಹೋಗಲಿ. ಬಂದವರನ್ನು ತಡೆಯುವುದು ಅವಳ ಮನೆತನದಲ್ಲೇ ಇರಲಿಲ್ಲ. ಒತ್ತಿದಳು. ಅಂಗಡಿಯಿಂದ ಬಂದಾಗಿನ ಪಾಸ್‌ವರ್ಡನ್ನೂ ಬದಲಿಸಲಿಲ್ಲ.

ಮೂರನೆಯ ದಿನ ಕ್ಯಾಮೆರಾ ಆಕಾಶ ನೋಡುತ್ತಿತ್ತು. ಕೂಡಿಟ್ಟ ಲಾರಿಗಳ ಚಿತ್ರವೆಲ್ಲ ಗುಡಿಸಿದಂತೆ ಅಳಿಸಿಹೋಗಿತ್ತು. ತೆರೆದಿಟ್ಟ ಆ ದಾರಿಯಲ್ಲೇ ಯಾರೋ ಎಲ್ಲಿಂದಲೋ ನುಗ್ಗಿದ್ದರು.

ಸಭೆಗಳಲ್ಲಿ ಊರಿನ ಪರ ಮಾತಾಡುವ ಪೆಸಮಿನೊ ಅವಳ ದೊಡ್ಡಪ್ಪನ ಮಗ. ಕೋಕೋ ಹೀರುತ್ತ ಬಂದು ಕೂತ.

"ಏನು ತಂಗಿ, ಕ್ಯಾಮೆರಾ ಮೋಡ ಎಣಿಸ್ತಿದೆಯಂತೆ? ಮೋಡ ಕದ್ದವನ ಮೇಲೆ ಕೇಸ್ ಹಾಕೋಣ ಬಿಡು."

"ನಗಣ್ಣ, ನಗು. ನಿನ್ನ ನಾಲಿಗೆ ಇಷ್ಟು ವರ್ಷದಲ್ಲಿ ಒಂದು ಲಾರಿನಾದ್ರೂ ನಿಲ್ಸಿದ್ಯಾ?"

ಅವನ ನಗು ಇಳಿಯಿತು. "ಇರೋದು ಇನ್ನೊಂದೇ ಭಾನುವಾರ. ಅದಾದ ಶುಕ್ರವಾರ ವಿಚಾರಣೆ. ತಪ್ಪಿದ್ರೆ ಚಿಕ್ಕಮ್ಮನ ಗೋರಿ ಸಮುದ್ರಕ್ಕೆ, ತಿಳ್ಕೊ."

ಅವಳು ಅತ್ತು ಕೂರುವ ಪೈಕಿಯಲ್ಲ. ಮದುವೆಗೆ ಮುಂಚೆ ಹನ್ನೊಂದು ವರ್ಷ ಅಪಿಯಾದ ಹೋಟೆಲೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಹೊರಗಿನವರಿಗೆ ಗೊತ್ತಿದ್ದದ್ದು ಹೋಟೆಲಿನ ಒಂದೇ ನಂಬರ್. ಯಾವ ಕರೆ ಅಡುಗೆಮನೆಗೆ, ಯಾವುದು ಹನ್ನೆರಡನೇ ಕೋಣೆಗೆ, ಯಾವನಿಗೆ ಉಗಿದು ಫೋನ್ ಇಡಬೇಕು, ಎಲ್ಲ ಅವಳ ಕೈಯ ವೈರಿನಲ್ಲಿತ್ತು. ಆ ಬೋರ್ಡನ್ನು ಬಂದವರ ಕೈಗೆ ಬಿಟ್ಟಿದ್ದರೆ ಮ್ಯಾನೇಜರ್ ಒದ್ದು ಓಡಿಸುತ್ತಿದ್ದ. ರೌಟರ್ ಮಾಡುವುದೂ ಅದೇ ಕೆಲಸ. ಇಷ್ಟು ಹೊಳೆದದ್ದೇ ತಡ, ಹಣೆ ಚಚ್ಚಿಕೊಂಡು ಎದ್ದಳು.

ಕ್ಯಾಮೆರಾವನ್ನು ಮತ್ತೆ ದಂಡೆಗೆ ತಿರುಗಿಸಿದಳು. ಹಳೆಯ ಆಯ್ಕೆ ಕಿತ್ತುಹಾಕಿದಳು. ಒಂದೇ ನಿಯಮ ಬರೆದಳು: ಈ ಒಂದು ಬಾಗಿಲಿನ ನಂಬರ್ ಹಿಡಿದು ಬಂದ ಕರೆ ಮಾತ್ರ ಪೆಟ್ಟಿಗೆಗೆ. ಕರೆಂಟ್ ಹೋಗಿ ಬಂದಾಗ ರೌಟರ್ ಮನೆಯೊಳಗಿನ ಯಂತ್ರಗಳ ನಂಬರುಗಳನ್ನು ಅದಲುಬದಲು ಮಾಡಿದರೆ ಅಧಿಕಾರಿಯ ಕರೆ ಅಲ್ಲೇ ಇದ್ದ ಸಮಿತಿಯ ಪ್ರಿಂಟರಿಗೆ ಹೋದೀತು. ಅದಕ್ಕೆ ಪೆಟ್ಟಿಗೆಯ ನಂಬರಿಗೂ ಬದಲಾಗದಂತೆ ಮೊಳೆ ಹೊಡೆದಳು. ಅವ್ವ ಬಾಯಿಪಾಠ ಮಾಡಿಸಿದ್ದ ಏಳು ತಲೆಮಾರಿನ ಹೆಸರುಗಳನ್ನು ಪೋಣಿಸಿ ಪಾಸ್‌ವರ್ಡ್ ಮಾಡಿದಳು. ಬಸ್ ಸ್ಟಾಪಿಗೆ ನಡೆದು, ಫೋನಿನಲ್ಲಿ ತನ್ನ ಮನೆಗೆ ತಾನೇ ಹೊರಗಿನವಳಾಗಿ ಬಂದು ನೋಡಿದಳು. ತೆರೆಯಿತು. ಕೊನೆಗೆ, ಅಧಿಕಾರಿಯ ಕಚೇರಿ ಬಿಟ್ಟು ಬೇರೆಲ್ಲಿಂದ ಬಂದರೂ ತೆರೆಯಬೇಡ ಎಂದು ಸೇರಿಸಿದಳು. ಈಗ ಅವಳಿಗೇ ತೆರೆಯಲಿಲ್ಲ. ಖುಷಿಯಾಯಿತು.

ಭಾನುವಾರ ಲಾರಿಗಳು ಬಂದವು.

ಶುಕ್ರವಾರ ಅಪಿಯಾದಲ್ಲಿ ಅಧಿಕಾರಿ ಇನ್ನೇನು ಕಂಪ್ಯೂಟರ್ ಮುಟ್ಟಬೇಕು, ಊರಿನಿಂದ ಇಯಾನೆತಾಳಿಗೆ ಸಮಿತಿಯವಳ ಫೋನ್: "ಅಕ್ಕಾ, ಕರೆಂಟ್ ಹೋಗಿತ್ತು! ಈಗ ತಾನೆ ಬಂತು, ಎಲ್ಲ ಕೆಟ್ಟು ಕೂತಿದ್ಯೋ ಏನೋ!"

"ಏನನ್ನೂ ಮುಟ್ಬೇಡ. ಪಾತ್ರೆ ತೊಳಿ ಹೋಗು."

ಗುತ್ತಿಗೆದಾರನ ವಕೀಲ ನಕ್ಕ. ಪೆಸಮಿನೊ ಬೆರಳು ಲಟಿಕೆ ಮುರಿಯತೊಡಗಿದ. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು. ಆಮೇಲೆ ಅವರ ದಂಡೆ. ಭಾನುವಾರದ ಎರಡು ಲಾರಿ, ನಂಬರ್ ಪ್ಲೇಟು ಸಮೇತ. ಹಿಂದೆ ದೂರದಲ್ಲಿ ಇಡೀ ಊರು ದೇವರಿಗೆ ಹಾಡುತ್ತಿತ್ತು.

"ಇವತ್ತಿಂದ ಲಾರಿ ಬಂದ್" ಎಂದ ಅಧಿಕಾರಿ. "ಈ ರೌಟರ್ ಕೆಲಸ ಯಾರದು?"

"ನಂದು." ಎದ್ದು ನಿಂತೇ ಹೇಳಿದಳು.

ಹಡಗಿನಲ್ಲಿ ವಾಪಸ್ಸು ಬರುವಾಗ ಪೆಸಮಿನೊ ಬೆಣ್ಣೆ ಹಚ್ಚಿದ. "ತಂಗಿ, ನಮ್ಮ ಹುಡುಗರ ಕ್ರಿಕೆಟ್ ಪಂದ್ಯ ಇದೆಯಲ್ಲ, ಆಕ್ಲೆಂಡಿನ ನೆಂಟರು ನೋಡ್ಲಿ. ಕ್ಯಾಮೆರಾ ಆ ಕಡೆ ತಿರುಗ್ಸಿ ಬಾಗಿಲು ತೆಗಿ."

"ಊಟಕ್ಕೆ ಯಾವಾಗ ಬೇಕಾದ್ರೂ ಬಾರಣ್ಣ, ಮನೆ ತೆರೆದೇ ಇದೆ. ಆ ಬಾಗಿಲು ಬೇಕಾದ್ರೆ ಸಮಿತಿಗೆ ಅರ್ಜಿ ಕೊಡು."