ತೊಟ್ಟಿಲಲ್ಲಿ ಮಲಗಿದ ಕಲ್ಲು

"ನಾವು ಗುಜರಿಗೆ ಹಾಕಿದ ತೊಟ್ಟಿಲು ನಿಮ್ಮಲ್ಲಿ ಉಂಟಂತಲ್ಲ. ಒಮ್ಮೆ ನೋಡ್ಲಿಕ್ಕೆ ಬಂದದ್ದು," ಎಂದರು ಬಾಗಿಲಲ್ಲಿ ನಿಂತ ಅಪರಿಚಿತ ಅಜ್ಜಿ.

ಏಳು ತಿಂಗಳ ಬಸುರಿ ನಾನು. ಕಡಬದ ಗುಜರಿ ಅಂಗಡಿಯಿಂದ ತಂದು, ವಾರವಿಡೀ ಸ್ಯಾಂಡ್‌ಪೇಪರ್ ಉಜ್ಜಿ ಹೊಳಪು ತರಿಸಿದ ತೊಟ್ಟಿಲದು. ವಾಪಸು ಕೇಳಿದರೆ ಎಂಬ ಅಳುಕಿನಲ್ಲೇ ಅವರನ್ನು ಮಗುವಿನ ಕೋಣೆಗೆ ಕರೆದೊಯ್ದೆ.

ಅಮ್ಮನ ಹಳೆಯ ಸೀರೆಯಿಂದ ಹೊಲಿದ ಪರದೆ ಗೋಡೆಯನ್ನೆಲ್ಲ ನಸುಹಳದಿ ಮಾಡಿತ್ತು. ಅಡಿಕೆ ಹಾಳೆಯಲ್ಲಿ ನಾನು ಕತ್ತರಿಸಿ ತೂಗುಹಾಕಿದ್ದ ಹಕ್ಕಿಗಳು ಮೆಲ್ಲನೆ ತಿರುಗುತ್ತಿದ್ದವು. ಅದೇ ಗಾಳಿಗೆ ಖಾಲಿ ತೊಟ್ಟಿಲೂ ತೂಗಾಡುತ್ತಿತ್ತು.

ಅಜ್ಜಿ ದಡಬಡಿಸಿ ಅದನ್ನು ಹಿಡಿದು ನಿಲ್ಲಿಸಿದರು. "ಖಾಲಿ ತೊಟ್ಟಿಲು ತೂಗ್ಬಾರ್ದು ಮಗಾ. ಮಸಾಲೆ ಅರೆಯುವ ಕಲ್ಲಿನ ಗುಂಡು ಉಂಟಾ?"

ತಂದುಕೊಟ್ಟೆ. ಹೆಗಲ ಮೇಲಿದ್ದ ಬೈರಾಸಿನಲ್ಲಿ ಅದನ್ನು ಸುತ್ತಿ, ನಾನೇ ಬೂರುಗದ ಹತ್ತಿ ತುಂಬಿದ್ದ ಹಾಸಿಗೆಯ ಮೇಲೆ ಮಲಗಿಸಿ, ತುಳುವಿನಲ್ಲಿ ಏನೋ ಗುನುಗುತ್ತ ತೂಗತೊಡಗಿದರು. ಎಷ್ಟು ಹೊತ್ತು ತೂಗಿದರೋ, ಕಲ್ಲಿಗೆ ನಿದ್ದೆ ಬಂತೆಂದೇ ನನಗನಿಸಿತು. ಕೊನೆಗೆ ತೊಟ್ಟಿಲಿನ ಅಂಚನ್ನೊಮ್ಮೆ ಸವರಿ, "ನನ್ನ ಐದು ಮಕ್ಕಳೂ ಇದರಲ್ಲೇ ಮಲಗಿದ್ದು," ಎಂದು ಹೊರಟರು. ವಾಪಸು ಕೇಳಲಿಲ್ಲ.

ಹೆರಿಗೆಯವರೆಗೆ ನಮ್ಮ ಚಟ್ನಿಯೆಲ್ಲ ಮಿಕ್ಸಿಯಲ್ಲೇ ಆಯಿತು. ಮಲಗಿದ ಕಲ್ಲನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಅದು ಹಾಸಿಗೆಯಲ್ಲಿ ಮಾಡಿಟ್ಟುಹೋದ ತಗ್ಗಿನಲ್ಲಿ ಈಗ ಮಗಳ ತಲೆ ಹದವಾಗಿ ಕೂರುತ್ತದೆ.