‘ಹೋಗಾಕಿಲ್ಲ’ ಕಲಿಸುವ ದೊಡ್ಡಗಂಗಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತುಮಕೂರಿನ ಮಕ್ಕಳ ಆಶ್ರಯಮನೆಯ ಹಿತ್ತಲಲ್ಲಿ ಆಯಾ ದೊಡ್ಡಗಂಗಮ್ಮ ಏಳು ವರ್ಷದ ನಂಜಿಯ ತಲೆಗೆ ಹರಳೆಣ್ಣೆ ಹಚ್ಚಿ ಬಾಚುತ್ತಿದ್ದಾಳೆ. ಇವತ್ತು ನಂಜಿಯನ್ನು ಕೋರ್ಟಿಗೆ ಕರೆದೊಯ್ಯಬೇಕು. ತಬ್ಬಲಿಯಾದ ಇವಳನ್ನು ತನಗೆ ಒಪ್ಪಿಸಿ ಎಂದು ಗುಬ್ಬಿಯ ದೊಡ್ಡಪ್ಪ ಅರ್ಜಿ ಹಾಕಿದ್ದಾನೆ.

“ಹೋಗ್ತೀಯಾ ಅಂತಾರೆ. ಇಷ್ಟ ಇಲ್ದಿದ್ರೆ ಏನಂತೀಯೇ?”

ನಂಜಿ ನೆಲ ನೋಡುತ್ತಾಳೆ.

“ನೆಲಕ್ಕೆ ಹೇಳ್ಬ್ಯಾಡ ಕಣೇ, ನನ್ ಮುಖ ನೋಡು. ಹೋಗಾಕಿಲ್ಲ ಅನ್ನು. ಇಷ್ಟ ಇದ್ರೆ ಹೋಯ್ತೀನಿ ಅನ್ನು. ಯಾವ್ದಾದ್ರೂ ಗಟ್ಟಿಯಾಗ್ ಅನ್ನು.”

ಹಿರಿಯರಿಗೆ ಎದುರಾಡುವುದನ್ನು ಮಕ್ಕಳಿಗೆ ಹೇಳಿಕೊಡುವ ಹೆಂಗಸು ಈ ಸೀಮೆಯಲ್ಲಿ ಇನ್ನೊಬ್ಬಳಿರಲಾರಳು. ಊರ್ಡಿಗೆರೆಯ ಈ ವಿಧವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿಸುತ್ತಿದ್ದುದು ಇದರ ತದ್ವಿರುದ್ಧ. ಕೈಕಟ್ಟಿ ನಿಲ್ಲು, ತಲೆ ತಗ್ಗಿಸು, ಕೇಳಿದ್ದಕ್ಕೆ ಹೂಂ ಅನ್ನು. ಅರವತ್ತು ಮಕ್ಕಳಿಗೆ ಇಬ್ಬರೇ ಆಯಾಗಳು. ಆದರೂ ದಿಕ್ಕಿಲ್ಲದವು ಎಂದು ಯಾರೂ ಆಡಿಕೊಳ್ಳಬಾರದೆಂಬ ಛಲ. ಬಂದವರೆಲ್ಲ ಮಕ್ಕಳ ನಯವಿನಯ ಕಂಡು ಹೊಗಳುತ್ತಿದ್ದರು.

ಐವತ್ತೊಂಬತ್ತನೇ ಇಸವಿಯಲ್ಲಿ ಕೆಂಚಿ ಎಂಬ ಹುಡುಗಿಯನ್ನು ಕೇಳಿಕೊಂಡು ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಸೋದರಮಾವ ಅಂಜಿನಪ್ಪ ಬಂದ. ಮಗು ನೆಂಟರ ಮನೆಯಲ್ಲಿ ಬೆಳೆಯುವುದೇ ಮೇಲು, ಆದರೆ ಮಗುವಿನ ಇಷ್ಟವನ್ನೂ ಕೇಳಬೇಕು. ಕೋರ್ಟು ಪಾಲಿಸುವ ನಿಯಮ ಅದು. ಮಾವ ಹೊಡೀತಾನೆ ಎಂದು ಕೆಂಚಿ ಗಂಗಮ್ಮನ ಸೆರಗು ಹಿಡಿದು ಅತ್ತಿದ್ದಳು. “ಸಾಹೇಬ್ರು ಕೇಳ್ತಾರೆ, ಅವ್ರಿಗೇ ಹೇಳು” ಎಂದು ಗಂಗಮ್ಮ ಸಮಾಧಾನ ಮಾಡಿದ್ದಳು.

ಮ್ಯಾಜಿಸ್ಟ್ರೇಟರು ಮೆಲ್ಲಗೇ ಕೇಳಿದರು: “ಮಾವನ ಜೊತೆ ಹೋಗ್ತೀಯಾ ಮಗು?” ಕೆಂಚಿ ಕೈಕಟ್ಟಿದಳು, ತಲೆ ತಗ್ಗಿಸಿದಳು, ಹೂಂ ಅಂದಳು. ಬಾಗಿಲಲ್ಲಿದ್ದ ಆಯಾಳನ್ನು ಯಾರೂ ಕೇಳಲಿಲ್ಲ. ದೊಡ್ಡವರು ಕೇಳದೆ ಬಾಯಿ ತೆರೆಯುವ ಅಭ್ಯಾಸ ಅವಳಿಗೂ ಇರಲಿಲ್ಲ.

“ನಾನ್ ಕಲ್ಸಿದ್ ಹೂಂ ಸ್ವಾಮಿ ಅದು. ಒಂದಕ್ಷರ ತಪ್ದಂಗೆ ಒಪ್ಪಿಸ್ಬುಟ್ಳು” ಎನ್ನುತ್ತಾಳೆ ಗಂಗಮ್ಮ ಈಗ.

ಮರುವರ್ಷ ಗಂಗಮ್ಮ ಕೊತ್ತಗೆರೆಗೆ ಹೋದಾಗ ಕೆಂಚಿ ಅಲ್ಲಿರಲಿಲ್ಲ. ಮನೆಗೆಲಸಕ್ಕೆ ಕಳಿಸಿದ್ದಾರಂತೆ. ಯಾರ ಮನೆ, ಯಾವ ಊರು ಎಂದು ಅಂಜಿನಪ್ಪ ಹೇಳಲಿಲ್ಲ. ಒಪ್ಪಿಸಿದ ಮೇಲೆ ಹೋಗಿ ನೋಡಿ ಬನ್ನಿ ಎಂಬ ಅಪ್ಪಣೆ ಯಾರಿಗೂ ಇರಲಿಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ; ಚಿಂತಿಸದೆ ಇರುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಇವತ್ತು ಮಧ್ಯಾಹ್ನ ಕೋರ್ಟಿನಲ್ಲಿ ನಂಜಿಯ ದನಿ ನಡುಗುತ್ತದೆ, ಆದರೂ ಮಾತು ಹೊರಡುತ್ತದೆ. ಹೋಗಾಕಿಲ್ಲ. “ಯಾರ್ಲಾ ಈ ಮಗೀಗೆ ಇಷ್ಟ್ ಬಾಯ್ ಕಲ್ಸಿದ್ದು?” ಎಂದು ದೊಡ್ಡಪ್ಪ ಸಿಡಿಮಿಡಿಗೊಳ್ಳುತ್ತಾನೆ. ವಿಚಾರಣೆ ಮುಂದಕ್ಕೆ ಹೋಗುತ್ತದೆ. ಕೊನೆಗೆ ಏನಾಗುವುದೋ ಯಾರಿಗೂ ಗೊತ್ತಿಲ್ಲ.

ಗಂಗಮ್ಮನಿಗೆ ಖುಷಿಯೇನೂ ಕಾಣದು. ನಿನಗೇನು ಆಸೆ ಎಂದು ಕೇಳಿದರೆ ಕೆಂಚಿಯ ಮಾತೆತ್ತುತ್ತಾಳೆ.

“ಕೆಂಚಿಗೀಗ ಹದ್ನಾಲ್ಕು ತುಂಬಿರ್ತದೆ. ಎಲ್ಲಿದ್ರೂ ಒಂದ್ಸಲ ಬರ್ಲಿ ಸ್ವಾಮಿ. ಬಂದು ನನ್ನ ಬಾಯ್ತುಂಬ ಬೈಲಿ.”